ಸಕ್ಕರೆ ಪೊಟ್ಟಣ ಕಟ್ಟಿಕೊಂಡು ಬೆಟ್ಟ ಓಡಿದವಳು

ಕಳೆದ ಸಂಚಿಕೆಯಲ್ಲಿ ನೆಲ್ಲಿಕಾಯಿ ಉಪ್ಪಿನಕಾಯಿಗೆ ಬೂಷ್ಟು ಹಿಡಿಯದ ಹಾಗೆ ಹೇಗೆ ಇಡಬೇಕು ಅಂತ ಬರೆದಿದ್ದೆ. ಈ ಸಲ ಮೆಂತ್ಯದ ಹಿಟ್ಟಿನ ಬಗ್ಗೆ ಬರೆಯುತ್ತೇನೆಂದು ಮಾತನ್ನೂ ಕೊಟ್ಟಿದ್ದೆ. ಮೆಂತ್ಯದ ಹಿಟ್ಟು ಹದಿನೈದು ದಿನ ಕಾಯಲಿ, ಅದೇನು ಕೆಟ್ಟುಹೋಗುವ ಪದಾರ್ಥವಲ್ಲ. ಇವತ್ತು ನಾನು ಹತ್ತು ವರ್ಷಕ್ಕೂ ಮೇಲೆ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದಿಟ್ಟಿದ್ದ ಒಂದು ವಿಷಯ ಹೊರಗೆ ತೆಗೀತೀನಿ. ಸೋದರಿಯರೇ, ಇಷ್ಟು ದಿನ ನಿಮಗೂ ಹೇಳಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ.

ನನ್ನ ಹಿರಿಮಗಳಿಗೆ ಸಕ್ಕರೆ ಕಾಯಿಲೆ ಇದೆ. ಬಂದದ್ದು 2014ರಲ್ಲಿ, ಅವಳಿಗೆ 11 ವರ್ಷವಾಗಿದ್ದಾಗ. ಅದೇ ಹುಡುಗಿ 2024ರ ನವೆಂಬರಿನಲ್ಲಿ ಚಿಕ್ಕಮಗಳೂರಿನ ಕಾಫಿ ತೋಟಗಳ ಏರುತಗ್ಗಿನ ಕಾಲುದಾರಿಯಲ್ಲಿ 30 ಕಿಲೋಮೀಟರ್ ಓಡಿ ಬಂದಳು. ಇದನ್ನು ಬರೆಯುವ ಮುಂಚೆ ಅವಳ ಒಪ್ಪಿಗೆ ಕೇಳಿದೆ. “ಹೆಸರು ಹಾಕಬೇಡ ಅಮ್ಮ, ಮಿಕ್ಕಿದ್ದೆಲ್ಲಾ ಬರಿ. ನೀನು ಹೆದರಿದ್ದನ್ನೂ ಬರಿ” ಅಂದಳು. ಹಾಗಾಗಿ ಇಲ್ಲಿ ಅವಳು ನಮ್ಮ ಮನೆಯಲ್ಲಿ ಕರೆಯುವ ಹಾಗೆ ಬರೀ ಪುಟ್ಟಿ.

ಆ ವರ್ಷ ಬೇಸಿಗೆ ರಜೆಯಲ್ಲಿ ಪುಟ್ಟಿ ಚೊಂಬುಗಟ್ಟಲೆ ನೀರು ಕುಡಿಯೋಳು. ರಾತ್ರಿ ನಾಲ್ಕು ಸಲ ಬಚ್ಚಲಿಗೆ ಏಳೋಳು. ಚೆನ್ನಾಗಿ ಊಟ ಮಾಡಿದರೂ ದಿನದಿನಕ್ಕೆ ಸೊರಗುತ್ತಾ ಹೋದಳು, ಲಂಗ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ನಮ್ಮ ಕಡೂರಿನ ಬಿಸಿಲಿಗೆ ದಾಹ ಇರಲ್ಲವೇ ಅಂದುಕೊಂಡೆ. ಹೊಟ್ಟೆಯಲ್ಲಿ ಹುಳು ಇರಬೇಕು ಅಂದರು ಅತ್ತೆಯವರು, ಅದಕ್ಕೂ ಔಷಧಿ ಕೊಟ್ಟೆವು. ಒಂದು ಬೆಳಿಗ್ಗೆ ವಾಂತಿ ಶುರುವಾಯಿತು, ಉಸಿರು ಜೋರುಜೋರಾಗಿ ಎಳೆಯುವುದಕ್ಕೆ ಹತ್ತಿತು. ಆಸ್ಪತ್ರೆಗೆ ಎತ್ತಿಕೊಂಡು ಹೋದಾಗ ರಕ್ತದ ಸಕ್ಕರೆ 480 ಇತ್ತು. ಇನ್ನೊಂದು ದಿನ ತಡ ಮಾಡಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಇದು ನಮ್ಮ ವಯಸ್ಸಿನವರಿಗೆ ಬರುವ ಸಕ್ಕರೆ ಕಾಯಿಲೆಯಲ್ಲ. ಟೈಪ್ 1 ಅನ್ನುತ್ತಾರೆ. ನಮ್ಮ ಹೊಟ್ಟೆಯೊಳಗೆ ಮೇದೋಜೀರಕ ಗ್ರಂಥಿ ಅಂತ ಒಂದಿದೆಯಲ್ಲ, ಅದು ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿಬಿಡುತ್ತದೆ. ಸಿಹಿ ಜಾಸ್ತಿ ತಿಂದಿದ್ದಕ್ಕೆ ಬರುವುದಲ್ಲ, ತಾಯಿ ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತಲೂ ಬರುವುದಲ್ಲ. ಮಾತ್ರೆಯಿಂದ ಆಗುವುದಿಲ್ಲ, ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಲೇಬೇಕು. ಹಾಗಲಕಾಯಿ ರಸ ಕುಡಿಸಿ ಸೂಜಿ ಬಿಡಿಸಿ ಅಂತ ನಮಗೆ ಹೇಳಿದವರು ಒಬ್ಬಿಬ್ಬರಲ್ಲ. ಹಾಗಲಕಾಯಿ ಗೊಜ್ಜು ನಾನೂ ಮಾಡುತ್ತೇನೆ, ಅವಳೂ ತಿನ್ನುತ್ತಾಳೆ. ಆದರೆ ಸೂಜಿಯನ್ನು ಒಂದೇ ಒಂದು ದಿನ ಬಿಟ್ಟರೂ ಈ ಮಕ್ಕಳ ಪ್ರಾಣಕ್ಕೆ ಸಂಚಕಾರ. 1921ರಲ್ಲಿ ಕೆನಡಾ ದೇಶದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬುವರು ಇನ್ಸುಲಿನ್ ಕಂಡುಹಿಡಿದರು. 1922ರ ಜನವರಿಯಲ್ಲಿ 14 ವರ್ಷದ ಒಬ್ಬ ಹುಡುಗನಿಗೆ ಅದನ್ನು ಮೊದಲು ಚುಚ್ಚಿದರು. ಅದಕ್ಕೆ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಉಳಿಯುತ್ತಲೇ ಇರಲಿಲ್ಲ. ಆ ಬ್ಯಾಂಟಿಂಗ್ ಹುಟ್ಟಿದ್ದು ನವೆಂಬರ್ 14, ನಮ್ಮ ಮಕ್ಕಳ ದಿನಾಚರಣೆಯ ದಿನವೇ. ಈಗಲೂ ಪ್ರತಿವರ್ಷ ಆ ದಿನ ನಮ್ಮ ಮನೆಯಲ್ಲಿ ದೇವರಿಗೆ ಒಂದು ದೀಪ ಹೆಚ್ಚಿಗೆ ಹಚ್ಚುತ್ತೇನೆ.

ಇಷ್ಟೆಲ್ಲಾ ಡಾಕ್ಟರು ತಿಳಿಸಿ ಹೇಳಿದರೂ ಆಸ್ಪತ್ರೆಯಿಂದ ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಇನ್ಸುಲಿನ್ ಡಬ್ಬಿಯನ್ನು ಫ್ರಿಜ್ಜಿನಲ್ಲಿ ಸೊಪ್ಪಿನ ಹಿಂದೆ ಬಚ್ಚಿಟ್ಟೆ. ಅಕ್ಕಪಕ್ಕದವರು ಐಸ್ ಕೇಳಿಕೊಂಡು ಬಂದರೆ ಕಾಣಬಾರದಲ್ಲ! ಹೆಣ್ಣುಮಗು, ನಾಳೆ ಮದುವೆ ಆಗಬೇಕು, ಊರಿಗೆಲ್ಲಾ ಗೊತ್ತಾದರೆ ಯಾರು ತಾನೇ ಮುಂದೆ ಬರುತ್ತಾರೆ ಅಂತ ನನ್ನ ಯೋಚನೆ. “ಯಾಕೇ ಇಷ್ಟು ಗುಟ್ಟು?” ಅಂತ ನಮ್ಮ ಮನೆಯವರು ಒಂದೆರಡು ಸಲ ಕೇಳಿದರು. “ನಿಮಗೇನ್ರೀ ಗೊತ್ತಾಗುತ್ತೆ, ನೀವು ಸುಮ್ನಿರಿ” ಅಂದೆ. ಅವರು ಸುಮ್ಮನಾದರು. ಮದುವೆಮನೆಗಳಲ್ಲಿ ಪುಟ್ಟಿ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಚುಚ್ಚಿಕೊಂಡು ಬರೋಳು. ನಾನು ಹೊರಗೆ ಕಾವಲು ನಿಲ್ಲುತ್ತಿದ್ದೆ.

ಸ್ಕೂಲಿಗೂ ಹೇಳಲಿಲ್ಲ. ಅದರ ಫಲ ಏಳನೇ ತರಗತಿಯಲ್ಲಿ ಸಿಕ್ಕಿತು. ಒಂದು ದಿನ ಆಟದ ಪೀರಿಯಡ್ ಮುಗಿದ ಮೇಲೆ ಅವಳಿಗೆ ಸಕ್ಕರೆ ಇಳಿದುಹೋಗಿದೆ. ಬೆವರು, ನಡುಕ, ಕೇಳಿದ್ದಕ್ಕೆ ಉತ್ತರ ಕೊಡಲಾಗದಷ್ಟು ಮಂಕು. ಟೀಚರು ಅವಳು ಪಾಠದಲ್ಲಿ ತೂಕಡಿಸುತ್ತಿದ್ದಾಳೆ ಅಂದುಕೊಂಡು ಎದ್ದು ನಿಲ್ಲಿಸಿದರಂತೆ. ನಿಂತವಳು ಅಲ್ಲೇ ಬಿದ್ದಳು. ಆ ಟೀಚರನ್ನು ನಾನು ಒಂದು ಮಾತೂ ಅನ್ನಲಿಲ್ಲ, ಅನ್ನುವ ಮುಖ ನನಗೆಲ್ಲಿತ್ತು? ಅವರಿಗೆ ಹೇಳದೆ ಇದ್ದವಳು ನಾನು. ಅದಾದ ಮೇಲೆ ಸ್ಕೂಲಿಗೆ ಮಾತ್ರ ಹೇಳಿದೆ, ಅದೂ “ಯಾರಿಗೂ ಹೇಳಬೇಡಿ ಮಿಸ್” ಅಂತ ಕೈಮುಗಿದು. ಜೊತೆಗೆ ಪುಟ್ಟಿಯ ಆಟವನ್ನೂ ನಿಲ್ಲಿಸಿಬಿಟ್ಟೆ. ಐದು ವರ್ಷ ಆ ಹುಡುಗಿ ಆಟದ ಪೀರಿಯಡ್ಡಿನಲ್ಲಿ ಎಲ್ಲರ ಚೀಲ ಕಾಯುತ್ತಾ ಕೂತಿತ್ತು.

ಡಿಗ್ರಿಗೆ ಚಿಕ್ಕಮಗಳೂರಿಗೆ ಸೇರಿದಳು. ಕಡೂರಿನಿಂದ ಸುಮಾರು 40 ಕಿಲೋಮೀಟರ್, ದಿನಾ ಬಸ್ಸು. ಅಲ್ಲಿ ಬೆಟ್ಟ ಹತ್ತುವ ಗೆಳತಿಯರ ಗುಂಪು ಸಿಕ್ಕಿತು. ಒಂದು ಭಾನುವಾರ ನನಗೆ ಗೊತ್ತಿಲ್ಲದ ಹಾಗೆ ಮುಳ್ಳಯ್ಯನಗಿರಿ ಹತ್ತಿ ಬಂದಿದ್ದಾಳೆ. ಸುಮಾರು 1,930 ಮೀಟರ್, ಕರ್ನಾಟಕದಲ್ಲೇ ಎಲ್ಲಕ್ಕಿಂತ ಎತ್ತರದ ಶಿಖರ! ಶೂಗೆ ಅಂಟಿದ ಕೆಮ್ಮಣ್ಣು ನೋಡಿ ಕಂಡುಹಿಡಿದೆ. ರೇಗಾಡಿದೆ, ಅತ್ತೆ. ಅವಳು ಸಮಾಧಾನವಾಗಿ ಕೂತು ಹೇಳಿದಳು, “ಅಮ್ಮ, ನನ್ನ ಸಕ್ಕರೆ ನಾನು ನಾಲ್ಕು ಸಲ ನೋಡಿಕೊಂಡೆ. ಜೊತೆಗಿದ್ದ ಮೂರೂ ಜನಕ್ಕೆ ಮೊದಲೇ ಹೇಳಿದ್ದೆ, ಏನಾದರೂ ಆದರೆ ಏನು ಮಾಡಬೇಕು ಅಂತ. ನಿನ್ನ ಜೊತೆ ಮದುವೆಮನೆಗೆ ಹೋಗುವಾಗ ಇರುವ ಭಯ ನನಗೆ ಬೆಟ್ಟದ ಮೇಲೆ ಇರಲಿಲ್ಲ.”

ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಬೆಟ್ಟ ಹತ್ತುವುದು ಬೆಟ್ಟ ಓಡುವುದಾಯಿತು. ಟಾರು ರಸ್ತೆಯಲ್ಲಲ್ಲ, ತೋಟದ ಕಾಲುದಾರಿ, ಕಲ್ಲು, ಬೇರು, ಹಳ್ಳ ದಾಟಿಕೊಂಡು ಓಡುವುದಕ್ಕೆ ಟ್ರೇಲ್ ರನ್ನಿಂಗ್ ಅನ್ನುತ್ತಾರಂತೆ. 2024ರಲ್ಲಿ 30 ಕಿಲೋಮೀಟರಿನ ಓಟಕ್ಕೆ ಹೆಸರು ಕೊಡುತ್ತೇನೆ ಅಂದಳು. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಿ, “ಪಾಕಿಸ್ತಾನದ ವಾಸಿಂ ಅಕ್ರಮ್‌ಗೆ 1997ರಲ್ಲಿ ಇದೇ ಕಾಯಿಲೆ ಬಂತು ಕಣೇ. ಆಮೇಲೂ ಎಷ್ಟು ವರ್ಷ ಬೌಲಿಂಗ್ ಮಾಡಿದ!” ಅಂದರು. ಅತ್ತೆಯವರು ಮಾತ್ರ ನನ್ನ ಪಕ್ಷ. ಕೊನೆಗೆ, ಡಾಕ್ಟರು ಬೇಡ ಅಂದರೆ ಬೇಡ, ಸರಿ ಅಂದರೆ ಸರಿ ಅಂತ ತೀರ್ಮಾನವಾಯಿತು. ಡಾಕ್ಟರು ಬೇಡವೆನ್ನುತ್ತಾರೆ ಅಂತ ನಾನು ಧೈರ್ಯವಾಗಿದ್ದೆ. ಅವರು ಕಣ್ಣು, ಮೂತ್ರಪಿಂಡ, ಹೃದಯ, ಪಾದ ಎಲ್ಲಾ ಪರೀಕ್ಷೆ ಮಾಡಿಸಿ ನೋಡಿ, “ಓಡಲಿ. ಆದರೆ ಲೆಕ್ಕ ಕಲಿತು ಓಡಲಿ” ಅಂದುಬಿಟ್ಟರು. ಆ ಲೆಕ್ಕ ಕಲಿಯುವುದಕ್ಕೆ ನನ್ನನ್ನೂ ಕೂರಿಸಿಕೊಂಡರು.

ಅವರು ಹೇಳಿದ್ದನ್ನು ನನ್ನ ಅಡುಗೆಮನೆ ಭಾಷೆಯಲ್ಲಿ ಹೇಳುತ್ತೇನೆ. ಓಡುವಾಗ ಕಾಲಿನ ಮಾಂಸಖಂಡಗಳು ಉರಿಯುವ ಒಲೆ ಇದ್ದ ಹಾಗೆ. ಸಕ್ಕರೆ ಸೌದೆ. ಒಲೆ ಜೋರಾದಷ್ಟೂ ಸೌದೆ ಬೇಗ ತೀರುತ್ತದೆ. ನಮ್ಮ ನಿಮ್ಮ ಮೈಯಾದರೆ ಓಡಲು ಶುರು ಮಾಡಿದ ಕೂಡಲೇ ಇನ್ಸುಲಿನ್ ತಾನಾಗಿ ಕಡಿಮೆಯಾಗುತ್ತದೆ, ಸಕ್ಕರೆ ಕೆಳಗೆ ಬೀಳುವುದಿಲ್ಲ. ಪುಟ್ಟಿಯಂಥವರು ಚುಚ್ಚಿಕೊಂಡ ಇನ್ಸುಲಿನ್ ಹಾಗಲ್ಲ. ಸಾರಿಗೆ ಹಾಕಿದ ಉಪ್ಪನ್ನು ಮತ್ತೆ ತೆಗೆಯುವುದಕ್ಕೆ ಆಗುತ್ತದೆಯೇ? ಅದಕ್ಕೇ ಮೊದಲೇ ಕೈ ಬಿಗಿಹಿಡಿದು ಹಾಕಬೇಕು, ದಾರಿಯುದ್ದಕ್ಕೂ ತಿನ್ನುತ್ತಲೇ ಇರಬೇಕು. ಇದಕ್ಕೆ ತಿರುಗಾಮುರುಗಾ ಇನ್ನೊಂದು ಇದೆ. ಗಾಬರಿಯಾದರೆ, ತುಂಬಾ ಕಡಿದಾದ ಏರನ್ನು ಒಂದೇ ಉಸಿರಿಗೆ ಹತ್ತಿದರೆ, ಸಕ್ಕರೆ ಇಳಿಯುವ ಬದಲು ಸ್ವಲ್ಪ ಹೊತ್ತು ಏರಲೂಬಹುದು. ಆಗ ಹೆದರಿ ಹೆಚ್ಚಿಗೆ ಇನ್ಸುಲಿನ್ ಚುಚ್ಚಿಕೊಂಡರೆ ಆಮೇಲೆ ಧಡಕ್ಕನೆ ಬೀಳುತ್ತದೆ.

ನನ್ನ ನೋಟುಬುಕ್ಕಿನಲ್ಲಿ ಬರೆದುಕೊಂಡದ್ದು ಹೀಗಿದೆ. ಓಟ ಶುರು ಮಾಡುವಾಗ ಸಕ್ಕರೆ 126ರಿಂದ 180ರ ಒಳಗಿದ್ದರೆ ಒಳ್ಳೆಯದು. 90ಕ್ಕಿಂತ ಕಡಿಮೆಯಿದ್ದರೆ ಮೊದಲು ತಿನ್ನಬೇಕು, ಆಮೇಲೆ ಓಟ. 250 ದಾಟಿದ್ದರೆ ಕೀಟೋನ್ ಪರೀಕ್ಷೆ ಮಾಡಬೇಕು, ಕೀಟೋನ್ ಹೆಚ್ಚಿದ್ದರೆ ಓಡಲೇಬಾರದು. ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ-ಪಿಷ್ಟ ಹೊಟ್ಟೆಗೆ ಬೀಳಬೇಕು. ಓಡುವ ದಿನ ತೊಡೆಗೆ ಇನ್ಸುಲಿನ್ ಚುಚ್ಚಬಾರದು, ಓಡುವ ಕಾಲಿನಿಂದ ಅದು ಬೇಗ ರಕ್ತಕ್ಕೆ ಏರುತ್ತದೆ. 70ಕ್ಕಿಂತ ಇಳಿದರೆ ನಿಲ್ಲಬೇಕು, 15 ಗ್ರಾಂ ಸಕ್ಕರೆ ತಿನ್ನಬೇಕು, 15 ನಿಮಿಷ ಕಾಯಬೇಕು, ಮತ್ತೆ ನೋಡಬೇಕು. ಏರಿಲ್ಲದಿದ್ದರೆ ಇನ್ನೊಂದು 15 ಗ್ರಾಂ. ಆ ಹೊತ್ತಿಗೆ ಚಾಕೊಲೇಟ್, ಕಡಲೆಕಾಯಿ ಚಿಕ್ಕಿ ಪ್ರಯೋಜನವಿಲ್ಲ, ಅವುಗಳಲ್ಲಿರುವ ಜಿಡ್ಡು ಸಕ್ಕರೆಯನ್ನು ನಿಧಾನ ಮಾಡುತ್ತದೆ. ಬರೀ ಸಕ್ಕರೆಯೇ ಆಗಬೇಕು. ಎಚ್ಚರ ತಪ್ಪಿದರೆ ಮಾತ್ರ ಬಾಯಿಗೆ ಏನನ್ನೂ ಹಾಕಬಾರದು, ನೀರೂ ಸಹ. ಉಸಿರುಕೊಳವೆಗೆ ಹೋಗಿಬಿಡುತ್ತದೆ. ಒಂದು ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನು ಮಾಡಬೇಕು.

ಇಷ್ಟನ್ನೂ ಹೇಳಿ ಡಾಕ್ಟರು ಕೊನೆಗೆ ಪುಟ್ಟಿಯ ಕೈ ನೋಡಿ, “ಕೈಪಟ್ಟಿ ಎಲ್ಲಿ?” ಅಂದರು. ಈ ಕಾಯಿಲೆ ಇರುವವರು ಕೈಗೆ ಒಂದು ಪಟ್ಟಿ ಕಟ್ಟಿಕೊಳ್ಳಬೇಕಂತೆ. ಟೈಪ್ 1 ಡಯಾಬಿಟಿಸ್, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ ಅಂತ ಅದರ ಮೇಲೆ ಬರೆದಿರಬೇಕು. ಓಟದವರು ಕೊಡುವ ನಂಬರು ಚೀಟಿಯ ಹಿಂದೆಯೂ ಬರೆಯಬೇಕು. ನನ್ನ ಎದೆ ಧಸಕ್ಕೆಂದಿತು. ಹತ್ತು ವರ್ಷ ಸೊಪ್ಪಿನ ಹಿಂದೆ ಬಚ್ಚಿಟ್ಟದ್ದನ್ನು ಮಗಳು ಕೈಮೇಲೆ ಬರೆದುಕೊಂಡು ಓಡುವುದೇ? “ಒಳಗೆ ಚೀಲದಲ್ಲಿ ಒಂದು ಚೀಟಿ ಇಟ್ಟರೆ ಸಾಲದೇ?” ಅಂದೆ. “ಬಿದ್ದವಳ ಚೀಲ ತೆಗೆದು ಯಾರಮ್ಮಾ ಓದುತ್ತಾರೆ?” ಅಂದಳು ಪುಟ್ಟಿ. ಕೆಂಪು ಬಣ್ಣದ ಪಟ್ಟಿಯನ್ನೇ ಆರಿಸಿಕೊಂಡಳು, ಕನ್ನಡದಲ್ಲಿ ಒಂದು ಸಾಲು, ಇಂಗ್ಲಿಷಿನಲ್ಲಿ ಒಂದು ಸಾಲು.

ಹಿಂದಿನ ರಾತ್ರಿ ಚಿಕ್ಕಮಗಳೂರಿನಲ್ಲಿ ನೆಂಟರ ಮನೆಯಲ್ಲಿ ಉಳಿದುಕೊಂಡೆವು. ತಕ್ಕಡಿ ಸಮೇತ ಹೋಗಿದ್ದೆ ನಾನು! ಸಕ್ಕರೆಯನ್ನು 15 ಗ್ರಾಮಿನಂತೆ, ಎಂದರೆ ಮೂರು ಚಮಚದಂತೆ, ತೂಗಿ ಆರು ಪೊಟ್ಟಣ ಕಟ್ಟಿದೆ. ಕಾಗದ ಬೆವರಿಗೆ ಒದ್ದೆಯಾಗುತ್ತದೆಂದು ಪ್ಲಾಸ್ಟಿಕ್ಕಿನಲ್ಲಿ. ಎಂಟು ಖರ್ಜೂರದ ಉಂಡೆ. ಸಕ್ಕರೆ ನೋಡುವ ಪುಟ್ಟ ಮೆಷಿನ್ನು, ಹತ್ತು ಪಟ್ಟಿ, ತಂಪಿನ ಚೀಲದಲ್ಲಿ ಇನ್ಸುಲಿನ್ ಪೆನ್ನು. ತೋಳಿಗೆ ಅಂಟಿಸಿಕೊಂಡ ಬಿಲ್ಲೆಯೊಂದಿದೆ, ಸೆನ್ಸರ್ ಅಂತಾರೆ. ಹದಿನಾಲ್ಕು ದಿನ ಇರುತ್ತದೆ. ಅದು ನಿಮಿಷ ನಿಮಿಷಕ್ಕೂ ಸಕ್ಕರೆ ಎಷ್ಟೆಂದು ಅವಳ ಮೊಬೈಲಿಗೆ ಹೇಳುತ್ತದೆ, ಅಲ್ಲಿಂದ ನನ್ನ ಮೊಬೈಲಿಗೂ ಬರುತ್ತದೆ. ಓಡುವಾಗ ಬಿಲ್ಲೆಯ ಲೆಕ್ಕ ರಕ್ತದ ಲೆಕ್ಕಕ್ಕಿಂತ ಸ್ವಲ್ಪ ಹಿಂದೆ ಇರುತ್ತದೆ, ಅನುಮಾನ ಬಂದರೆ ಬೆರಳು ಚುಚ್ಚಿಯೇ ನೋಡಬೇಕು.

ನೆಂಟರ ಮನೆಯಾಕೆ ಮೇಜಿನ ಮೇಲೆ ಹರಡಿದ್ದನ್ನೆಲ್ಲಾ ನೋಡಿ, “ಇದೇನಕ್ಕ ಇದೆಲ್ಲಾ?” ಅಂದರು. ನನ್ನ ಬಾಯಿಗೆ ಹಳೇ ಸುಳ್ಳೊಂದು ಬಂದೇಬಿಟ್ಟಿತ್ತು. ಪುಟ್ಟಿ ನನ್ನ ಮುಖವನ್ನೇ ನೋಡುತ್ತಿದ್ದಳು. “ಪುಟ್ಟಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ ಇದೆ ಕಣಮ್ಮ” ಅಂದೆ. ಮೊದಲ ಸಲ, ನನ್ನ ಬಾಯಾರೆ. ಆಕೆ ಒಂದು ಗಳಿಗೆ ಸುಮ್ಮನಿದ್ದು, “ಹಾಗಾದ್ರೆ ಬೆಳಿಗ್ಗೆ ಎಷ್ಟು ಹೊತ್ತಿಗೆ ತಿಂಡಿ ಆಗಬೇಕು ಹೇಳಿ, ನಾನೂ ಏಳ್ತೀನಿ” ಅಂದರು. ಇಷ್ಟೇನಾ ಅನ್ನಿಸಿತು ನನಗೆ. ಹತ್ತು ವರ್ಷ ಹೆದರಿದ್ದು ಇಷ್ಟಕ್ಕೇನಾ!

ಬೆಳಿಗ್ಗೆ ಮೂರಕ್ಕೆ ಎದ್ದು ಇಡ್ಲಿ. ಡಾಕ್ಟರು ಹೇಳಿದಷ್ಟೇ, ಮಾಮೂಲಿಗಿಂತ ಕಡಿಮೆ ಇನ್ಸುಲಿನ್. ಆರು ಗಂಟೆಗೆ ಓಟ. ಸಾಲಿನಲ್ಲಿ ನಿಂತಾಗ ನೋಡಿದರೆ ಸಕ್ಕರೆ 210. ನನ್ನ ಕೈ ಇನ್ಸುಲಿನ್ ಪೆನ್ನಿನ ಕಡೆ ಹೋಯಿತು. “ಬೇಡಮ್ಮ, ಇದು ಗಾಬರಿಗೆ ಏರಿರೋದು, ಎರಡು ಕಿಲೋಮೀಟರಿಗೆ ಇಳಿಯುತ್ತೆ” ಅಂದಳು. ಇಳಿಯಿತು. ಏಳು ಗಂಟೆಗೆ 165. ನಮ್ಮ ಮನೆಯವರು ಕ್ರಿಕೆಟ್ ಸ್ಕೋರು ಕೇಳುವ ಹಾಗೆ ಐದೈದು ನಿಮಿಷಕ್ಕೂ “ಎಷ್ಟಾಯ್ತೇ?” ಅನ್ನೋರು. 7-40ಕ್ಕೆ 142. ಆಮೇಲೆ ಮೊಬೈಲಿನಲ್ಲಿ ಬರೀ ಗೆರೆ.

ತೋಟದೊಳಗೆ, ಬೆಟ್ಟದ ಮರೆಯಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಅವಳ ತೋಳಿನ ಬಿಲ್ಲೆಗೂ ಅವಳ ಮೊಬೈಲಿಗೂ ಅದು ಬೇಕಾಗಿಲ್ಲ, ಅವಳಿಗೆ ಎಲ್ಲಾ ಗೊತ್ತಾಗುತ್ತಿರುತ್ತದೆ. ಗೊತ್ತಾಗದೆ ಇರುವುದು ನನಗೆ ಮಾತ್ರ. ಅದನ್ನು ಮೊದಲೇ ಹೇಳಿದ್ದಳು. ಕೇಳಿದ್ದು ಕಿವಿ, ಹೊಟ್ಟೆ ಅಲ್ಲವಲ್ಲ. ಎಂಟಾಯಿತು, ಒಂಬತ್ತಾಯಿತು, ಹತ್ತಾಯಿತು. ಓಟ ಮುಗಿಯುವ ಬಯಲಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಪ್ಪಗಾದ ಮೊಬೈಲನ್ನು ಸೆರಗಿನಿಂದ ಒರೆಸುತ್ತಾ ಇದ್ದೆ. ಏಳನೇ ತರಗತಿಯಲ್ಲಿ ಬಿದ್ದ ಹುಡುಗಿ ಕಣ್ಣಮುಂದೆ ಬರೋಳು. ಅವತ್ತು ಅವಳ ಸುತ್ತ ನಲವತ್ತು ಮಕ್ಕಳಿದ್ದರು, ಟೀಚರಿದ್ದರು, ಆದರೂ ಅವಳು ಒಂಟಿಯಾಗಿದ್ದಳು. ಹಾಗೆ ಮಾಡಿದವಳು ನಾನೇ. ಇವತ್ತು ಕಾಡಿನಲ್ಲಿದ್ದಾಳೆ, ಆದರೆ ಕೈಮೇಲೆ ಕೆಂಪು ಪಟ್ಟಿ ಇದೆ. ಅದೊಂದೇ ಧೈರ್ಯ.

12-20ಕ್ಕೆ ಬಂದಳು. ಮೊಣಕಾಲಿನವರೆಗೆ ಕೆಸರು, ಮುಖದ ತುಂಬಾ ಉಪ್ಪು. ನಾನು ಅಪ್ಪಿಕೊಳ್ಳುವುದಕ್ಕೆ ಹೋದರೆ ಅವಳು ಮೊದಲು ಬೆರಳು ಚುಚ್ಚಿ ನೋಡಿಕೊಂಡಳು. 118.

ನಡೆದದ್ದನ್ನು ಬಾಳೆಹಣ್ಣು ತಿನ್ನುತ್ತಾ ಹೇಳಿದಳು. 22ನೇ ಕಿಲೋಮೀಟರಿನ ಹತ್ತಿರ, ಇಳಿಜಾರಿನಲ್ಲಿ, ಹುಮ್ಮಸ್ಸಿಗೆ ಒಂದು ಉಂಡೆ ತಿನ್ನುವುದು ಮರೆತಿದ್ದಾಳೆ. ಮೊಬೈಲು ಕೂಗಿಕೊಂಡಿತು. ಬೆರಳು ಚುಚ್ಚಿದರೆ 58. ಕಾಲು ನಡುಗುತ್ತಿದೆ, ಕಣ್ಣು ಮಂಜು. ಕಾಲುದಾರಿಯ ಪಕ್ಕ ಕೂತು ಒಂದು ಪೊಟ್ಟಣ ಸಕ್ಕರೆ ಬಾಯಿಗೆ ಸುರಿದುಕೊಂಡಿದ್ದಾಳೆ. ಆ ಹೊತ್ತಿಗೆ ಓಡುವವರು ಯಾರೂ ಇರಲಿಲ್ಲ. ಮೇಲಿನ ಸಾಲಿನಲ್ಲಿ ಕಾಫಿ ಹಣ್ಣು ಬಿಡಿಸುತ್ತಿದ್ದ ಒಬ್ಬ ಹೆಂಗಸು ನೋಡಿ ಇಳಿದು ಬಂದರಂತೆ. “ಏನಾಯ್ತವ್ವ?” ಪುಟ್ಟಿ ಕೈಪಟ್ಟಿ ತೋರಿಸಿ, “ನಂಗೆ ಸಕ್ಕರೆ ಕಾಯಿಲೆ ಇದೆ, ಈಗ ಸಕ್ಕರೆ ಇಳಿದಿದೆ. ತಿಂದಿದ್ದೀನಿ. ಹದಿನೈದು ನಿಮಿಷ ನನ್ನ ಹತ್ರ ಕೂತ್ಕೋತೀರಾ? ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹಾಕ್ಬೇಡಿ, ಓಟದೋರನ್ನ ಕೂಗಿ” ಅಂದಳಂತೆ. ಆಯಮ್ಮ ಬುಟ್ಟಿ ಇಳಿಸಿ ಪಕ್ಕದಲ್ಲೇ ಕೂತರು, ಬೆನ್ನಿಗೆ ಕೈ ಇಟ್ಟುಕೊಂಡು.

ಹದಿನೈದು ನಿಮಿಷಕ್ಕೆ 76. ಇನ್ನೊಂದು ಉಂಡೆ ತಿಂದು ಇನ್ನೂ ಸ್ವಲ್ಪ ಕೂತಳು. ಅಷ್ಟರಲ್ಲಿ ಆಯಮ್ಮ, “ನಂಗೂ ಸುಗರ್ ಐತೆ ಕಣವ್ವ, ಮಾತ್ರೆ ತಗೋತೀನಿ. ಒಂದೊಂದಿನ ಊಟ ತಡ ಆದ್ರೆ ನಂಗೂ ಹಿಂಗೇ ಬೆವರು ಬತ್ತದೆ, ನಡುಕ ಬತ್ತದೆ. ದೃಷ್ಟಿ ಆಗೈತೆ ಅಂತ ನೀವಾಳಿಸ್ಕೊಂತಿದ್ದೆ” ಅಂದರಂತೆ. ಪುಟ್ಟಿ ಚೀಲದಲ್ಲಿದ್ದ ಎರಡು ಪೊಟ್ಟಣ ತೆಗೆದು ಅವರ ಸೆರಗಿಗೆ ಕಟ್ಟಿ, ಯಾವಾಗ ತಿನ್ನಬೇಕು ಅಂತ ಹೇಳಿ, ಡಾಕ್ಟರಿಗೆ ಈ ವಿಷಯ ಖಂಡಿತ ತಿಳಿಸಿ ಅಂದು ಎದ್ದಳು. 98 ಆದ ಮೇಲೆ ಮೊದಲು ನಡೆದು, ಆಮೇಲೆ ಓಡಿದಳು. ಈ ಗಲಾಟೆಯಲ್ಲಿ ಅರ್ಧ ಗಂಟೆ ಹೋಯಿತು ಅಂತ ಅವಳಿಗೆ ಸ್ವಲ್ಪ ಬೇಜಾರು. ನನಗೆ ಆ ಅರ್ಧ ಗಂಟೆಯೇ ಇಡೀ ಓಟಕ್ಕಿಂತ ದೊಡ್ಡದಾಗಿ ಕಂಡಿತು.

ಓಟ ಮುಗಿದರೂ ಕೆಲಸ ಮುಗಿಯುವುದಿಲ್ಲ. ಖಾಲಿಯಾದ ಉಗ್ರಾಣ ತುಂಬಿಸಿಕೊಳ್ಳಲು ಮಾಂಸಖಂಡಗಳು ಇಡೀ ರಾತ್ರಿ, ಮಾರನೇ ದಿನದವರೆಗೂ ರಕ್ತದಿಂದ ಸಕ್ಕರೆ ಎಳೆಯುತ್ತಲೇ ಇರುತ್ತವೆ. ಅದಕ್ಕೆ ಆ ರಾತ್ರಿಯ ಇನ್ಸುಲಿನ್ನನ್ನೂ ಡಾಕ್ಟರು ಕಡಿಮೆ ಮಾಡಿಸಿದ್ದರು. ಎರಡು ಗಂಟೆಗೆ ಎದ್ದು ನೋಡಿದೆ, 82, ಇನ್ನೂ ಇಳಿಯುತ್ತಾ ಇತ್ತು. ಎಬ್ಬಿಸಿ ಒಂದು ಲೋಟ ಹಾಲು, ನಾಲ್ಕು ಬಿಸ್ಕತ್ತು ಕೊಟ್ಟೆ. ಅರ್ಧ ಕಣ್ಣಿನಲ್ಲಿ ತಿಂದು ಮಲಗಿದಳು. ಪಾದ ನೋಡಿದೆ, ಹೆಬ್ಬೆರಳಿನಲ್ಲಿ ಒಂದು ಬೊಬ್ಬೆ. ತೊಳೆದು ಒರೆಸಿ, ಔಷಧಿ ಹಚ್ಚಿ ಬಟ್ಟೆ ಸುತ್ತಿದೆ. ಸಕ್ಕರೆ ಕಾಯಿಲೆಯವರ ಪಾದದ ಗಾಯವನ್ನು ಯಾವತ್ತೂ ಚಿಕ್ಕದೆಂದು ಬಿಡಬಾರದು.

ಸೋದರಿಯರೇ, ಇದನ್ನೆಲ್ಲಾ ಓದಿ ನಾಳೆಯೇ ಬೆಟ್ಟ ಓಡಿ ಅಂತ ನಾನು ಹೇಳುವುದಿಲ್ಲ. ಪುಟ್ಟಿ ಎರಡು ವರ್ಷ ಅಭ್ಯಾಸ ಮಾಡಿದ್ದಾಳೆ, ಇಲ್ಲಿ ಬರೆದ ಅಳತೆಗಳು ಅವಳ ಡಾಕ್ಟರು ಅವಳಿಗೆಂದು ಹೇಳಿದವು. ನಿಮ್ಮ ಮಗುವಿನ ಅಳತೆ ನಿಮ್ಮ ಡಾಕ್ಟರೇ ಹೇಳಬೇಕು. ನಮ್ಮ ವಯಸ್ಸಿನಲ್ಲಿ ಸಕ್ಕರೆ ಬಂದವರಿಗೂ ಊಟವಾದ ಮೇಲೆ ಹತ್ತು-ಹದಿನೈದು ನಿಮಿಷದ ನಡಿಗೆ ಒಳ್ಳೆಯದು. ಇನ್ಸುಲಿನ್ ತೆಗೆದುಕೊಳ್ಳುವವರು, ಸಕ್ಕರೆ ಇಳಿಸುವ ಕೆಲವು ಮಾತ್ರೆ ನುಂಗುವವರು ನಡೆಯುವುದಕ್ಕೆ ಹೋಗುವಾಗಲೂ ಸೆರಗಿನಲ್ಲಿ ಒಂದು ಪೊಟ್ಟಣ ಸಕ್ಕರೆ ಇರಲಿ. ಬರಿಗಾಲಲ್ಲಿ ಮಾತ್ರ ಹೋಗಬೇಡಿ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಮಕ್ಕಳ ಕಾಯಿಲೆಯನ್ನು ಮುಚ್ಚಿಡಬೇಡಿ. ಟೀಚರಿಗೆ ಹೇಳಿ, ಪಕ್ಕದ ಬೆಂಚಿನ ಹುಡುಗಿಗೆ ಹೇಳಿ, ಪಕ್ಕದ ಮನೆಯವರಿಗೆ ಹೇಳಿ. ನಾನು ಮುಚ್ಚಿಟ್ಟದ್ದರಿಂದ ಕಾಯಿಲೆಯೇನೂ ಕಡಿಮೆಯಾಗಲಿಲ್ಲ, ಮಗಳಿಗೆ ಸಹಾಯ ಮಾಡಬಹುದಾಗಿದ್ದವರು ಕಡಿಮೆಯಾದರು ಅಷ್ಟೆ. ಮದುವೆಯ ಮಾತು ಬಂದಾಗ ಮೊದಲ ದಿನವೇ, ಕಾಫಿ ಲೋಟ ಕೆಳಗಿಡುವ ಮುಂಚೆಯೇ ಹೇಳುವುದೆಂದು ಈಗ ನಮ್ಮ ಮನೆಯಲ್ಲಿ ತೀರ್ಮಾನವಾಗಿದೆ. ಇನ್ಸುಲಿನ್ ಡಬ್ಬಿ ಫ್ರಿಜ್ಜಿನ ಬಾಗಿಲಿನಲ್ಲೇ ಇದೆ, ಮೊಸರಿನ ಪಕ್ಕ.

ಮೊನ್ನೆ ಪುಟ್ಟಿ, “ಅಮ್ಮ, ಮುಂದಿನದು 50 ಕಿಲೋಮೀಟರ್” ಅಂದಳು. ಬೇಡ ಅನ್ನುವ ಮಾತು ಗಂಟಲಿನವರೆಗೂ ಬಂತು. ನುಂಗಿಕೊಂಡು, “ಉಂಡೆ ಎಷ್ಟು ಕಟ್ಟಬೇಕು?” ಅಂದೆ. ಹಾಗೆ ಕಟ್ಟಿದ ಉಂಡೆಯನ್ನು ನೀವೂ ಮಾಡಿ ನೋಡಿ.

ಓಟದ ಉಂಡೆ

ಬೇಕಾಗುವ ಸಾಮಾನು: ಬೀಜ ತೆಗೆದ ಮೆತ್ತನೆಯ ಖರ್ಜೂರ 100 ಗ್ರಾಂ, ತೆಳು ಅವಲಕ್ಕಿ 50 ಗ್ರಾಂ, ಬಿಳಿ ಎಳ್ಳು 2 ಚಮಚ, ಉಪ್ಪು ಎರಡು ಚಿಟಿಕೆ, ಏಲಕ್ಕಿ 2.

ಮಾಡುವ ಕ್ರಮ: ಅವಲಕ್ಕಿಯನ್ನು ಸಣ್ಣ ಉರಿಯಲ್ಲಿ ಗರಿಗರಿಯಾಗುವಂತೆ ಹುರಿದು, ಆರಿದ ಮೇಲೆ ಏಲಕ್ಕಿಯ ಜೊತೆ ತರಿತರಿಯಾಗಿ ಪುಡಿ ಮಾಡಿ. ಎಳ್ಳನ್ನು ಚಟಪಟ ಅನ್ನುವವರೆಗೆ ಹುರಿಯಿರಿ. ಖರ್ಜೂರವನ್ನು ಚೆನ್ನಾಗಿ ಕಿವುಚಿ, ಎಲ್ಲವನ್ನೂ ಉಪ್ಪಿನೊಂದಿಗೆ ಕಲೆಸಿ ಹತ್ತು ಉಂಡೆ ಕಟ್ಟಿ. ಕಟ್ಟಲು ಬಾರದಿದ್ದರೆ ಒಂದು ಚಮಚ ಬಿಸಿನೀರು ಚಿಮುಕಿಸಿ. ತುಪ್ಪ, ಕೊಬ್ಬರಿ ಹಾಕಬೇಡಿ, ಜಿಡ್ಡು ಸೇರಿದರೆ ಸಕ್ಕರೆ ನಿಧಾನವಾಗುತ್ತದೆ. ಒಂದೊಂದು ಉಂಡೆಯಲ್ಲಿ ಸುಮಾರು 11 ಗ್ರಾಂ ಸಕ್ಕರೆ-ಪಿಷ್ಟ ಇರುತ್ತದೆ. ಇದು ಓಡುತ್ತಾ ಮಧ್ಯೆ ಮಧ್ಯೆ ತಿನ್ನುವುದಕ್ಕೆ. ಸಕ್ಕರೆ ಇಳಿದು ಕೈಕಾಲು ನಡುಗುವಾಗ ಮಾತ್ರ ಮೊದಲು ಬರೀ ಸಕ್ಕರೆ, ಆಮೇಲೆ ಉಂಡೆ. ಸಕ್ಕರೆ ಕಾಯಿಲೆ ಇರುವವರು ಮನೆಯಲ್ಲಿ ಕೂತು ಟಿ.ವಿ. ನೋಡುತ್ತಾ ತಿನ್ನುವ ಉಂಡೆ ಇದಲ್ಲ, ನೆನಪಿರಲಿ!

ಮುಂದಿನ ಸಂಚಿಕೆಗೆ ಮೆಂತ್ಯದ ಹಿಟ್ಟು, ಖಂಡಿತ.